ಅಕ್ಕನ ಡಾಬು, ನನ್ನ ನಡು

ಹದಿನೇಳನೆಯ ವಯಸ್ಸಿನಲ್ಲಿ ಒಂದು ಸಂಜೆಯ ಮಟ್ಟಿಗೆ ನಾನು ಚೆಲುವೆಯಾಗಿದ್ದೆ. ಹಾಗೆಂದು ನನಗೆ ಅನ್ನಿಸಿತ್ತು. ನೋಡಿದವರು ಏನಂದುಕೊಂಡರೋ ಹೇಳಲಿಲ್ಲ, ನಕ್ಕರು. ನಗುವನ್ನು ಮೆಚ್ಚುಗೆ ಎಂದು ತಿಳಿದುಕೊಳ್ಳುವ ಶಕ್ತಿ ನನಗೆ ಆಗಲೇ ಚೆನ್ನಾಗಿ ಬಂದಿತ್ತು, ಮುಂದೆ ಜೀವನವಿಡೀ ಅದೇ ನನ್ನನ್ನು ಕಾಪಾಡಿತು. ಈಗ ಹಲ್ಲು ಹೋಗಿ ಕೆನ್ನೆ ಒಳಗೆ ಸೇರಿರುವಾಗ ಕನ್ನಡಿಯ ಮುಂದೆ ನಿಂತರೆ ಆ ಸಂಜೆಯನ್ನು ನಾನೇ ನಂಬುವುದಿಲ್ಲ. ಆದರೆ ಬರೆಯಲು ಕೂತದ್ದು ಚೆಲುವಿನ ವಿಷಯವಲ್ಲ. ಆ ಸಂಜೆ ನನ್ನ ನಡುವಿಗೆ ಕಟ್ಟಿದ್ದ ಬೆಳ್ಳಿಯ ಡಾಬು ನನ್ನದಾಗಿರಲಿಲ್ಲ, ಅಕ್ಕನದು. ಸರಿಯಾಗಿ ಹೇಳಬೇಕೆಂದರೆ ಅಕ್ಕನದೂ ಅಲ್ಲ, ಅವಳ ಅತ್ತೆ ಮನೆಯದು. ಅದರಿಂದ ಅಕ್ಕನ ಸಂಸಾರದಲ್ಲಿ ಏನೇನಾಯಿತು ಎಂಬುದನ್ನು ನಾನು ಇಲ್ಲಿಯವರೆಗೆ ನನ್ನ ಮಕ್ಕಳಿಗೂ ಹೇಳಿಲ್ಲ.

ನಮ್ಮ ಮನೆ ಮಸ್ಕಿಯಲ್ಲಿ. ಅಪ್ಪನಿಗೆ ಬಟ್ಟೆ ಅಂಗಡಿ. ನಾನು ಲಿಂಗಸುಗೂರಿನಲ್ಲಿ ಒಂದು ಖೋಲಿ ಹಿಡಿದು ಹೈಸ್ಕೂಲು ಓದುತ್ತಿದ್ದೆ. ಅಕ್ಕನನ್ನು ಸಿಂಧನೂರಿಗೆ ಕೊಟ್ಟಿತ್ತು. ಅವಳ ಗಂಡನ ಮನೆಯವರು ಹತ್ತಿಯ ವ್ಯಾಪಾರದವರು, ಹೊಲಮನೆಯಲ್ಲಿ ಗಟ್ಟಿ ಕುಳ. ಮೂರೂ ಊರು ಒಂದೇ ರಸ್ತೆಯ ಮೇಲೆ. ಓದು ಒಂದು ತುದಿಗೆ, ಅಕ್ಕ ಇನ್ನೊಂದು ತುದಿಗೆ, ನಡುವೆ ಅಪ್ಪನ ಬೆತ್ತ.

ನಿಜಾಮರ ಆಳ್ವಿಕೆ ಮುಗಿದು ನಾಲ್ಕೈದು ವರ್ಷ ಕಳೆದಿತ್ತು. ಉರ್ದುವಿನಲ್ಲಿ ಶುರುವಾದ ನನ್ನ ಓದು ಅರ್ಧ ದಾರಿಯಲ್ಲಿ ಕನ್ನಡಕ್ಕೆ ಹೊರಳಿತ್ತು. ಇದರಿಂದ ಎರಡು ಭಾಷೆಗಳಲ್ಲಿ ನಪಾಸಾಗುವ ಅನುಕೂಲ ನನಗೆ ಒದಗಿತ್ತು. ಕಚೇರಿಗಳಿಗೆ ಹೊರಗಿನಿಂದ ಅಧಿಕಾರಿಗಳು ಬರುತ್ತಿದ್ದ ಕಾಲ ಅದು. ಹಾಗೆ ಮೈಸೂರು ಕಡೆಯಿಂದ ಬಂದ ಒಬ್ಬ ಅಧಿಕಾರಿಯ ಹೆಂಡತಿ ಚಿಕ್ಕಂದಿನಿಂದ ಭರತನಾಟ್ಯ ಕಲಿತವರು. ನಮ್ಮ ಹೆಡ್‌ಮಾಸ್ತರರು ಅವರ ಮನೆಗೆ ಹೋಗಿ, ಗಣೇಶನ ಹಬ್ಬಕ್ಕೆ ಶಾಲೆಯಲ್ಲಿ ಒಂದು ನೃತ್ಯ ಮಾಡಿಸಿಕೊಡಬೇಕು ಎಂದು ಕೇಳಿಕೊಂಡರು. ಆ ತಾಯಿ ಸಂತೋಷದಿಂದ ಒಪ್ಪಿ, ಹೆಣ್ಣುಮಕ್ಕಳನ್ನು ಕಳಿಸಿ ಎಂದರು. ಲಿಂಗಸುಗೂರಿನ ಒಂದು ಮನೆಯವರೂ ಕಳಿಸಲಿಲ್ಲ. ನಮ್ಮ ಕಡೆ ಕುಣಿಯುವುದು ಪಾತ್ರದವರ ಕಸುಬು, ಅಂದರೆ ದೇವರ ಹೆಸರಿನಲ್ಲಿ ಬಿಟ್ಟ ಹೆಣ್ಣುಮಕ್ಕಳದು. ಮನೆತನಸ್ಥರು ಮಗಳ ಕಾಲಿಗೆ ಗೆಜ್ಜೆ ಕಟ್ಟಿ ಊರ ಮುಂದೆ ನಿಲ್ಲಿಸುತ್ತಾರೆಯೇ? ಕೊನೆಗೆ ಹುಡುಗರನ್ನೇ ಸಾಲಾಗಿ ನಿಲ್ಲಿಸಿದರು. ಆ ತಾಯಿ ಒಬ್ಬೊಬ್ಬರನ್ನೇ ನೋಡುತ್ತ ಬಂದು ನನ್ನ ಮುಂದೆ ನಿಂತರು.

"ಈ ಹುಡುಗನ ಕಣ್ಣು ಚೆನ್ನಾಗಿದೆ" ಎಂದರು.

ಆ ಒಂದು ಮಾತನ್ನು ನಾನು ಇಂದಿಗೂ ಖರ್ಚು ಮಾಡುತ್ತಿದ್ದೇನೆ. ಅದರ ಹಿಂದೆಯೇ "ಸ್ವಲ್ಪ ದಪ್ಪ, ಪರವಾಗಿಲ್ಲ" ಎಂದೂ ಅಂದರು. ಅದನ್ನು ನಾನು ಕೇಳಿಸಿಕೊಳ್ಳಲಿಲ್ಲ.

ಕಲಿಕೆಯ ವಿಷಯ ಹೆಚ್ಚು ಹೇಳುವುದಿಲ್ಲ. ಮೊಣಕಾಲು ಎರಡು ಕಡೆ ಅಗಲಿಸಿ, ಅರ್ಧ ಕೂತು, ಬೆನ್ನು ನೆಟ್ಟಗೆ ಇಟ್ಟು ನಿಲ್ಲುವುದಕ್ಕೆ ಅರೆಮಂಡಿ ಎನ್ನುತ್ತಾರೆ. ನಾನು ಹಾಗೆ ಕೂತರೆ, ಬಯಲಿಗೆ ಹೋದವನು ಯಾರೋ ಬಂದರೆಂದು ಅರ್ಧಕ್ಕೇ ಎದ್ದಂತೆ ಕಾಣುತ್ತಿತ್ತಂತೆ. ಇದು ನನ್ನ ಗೆಳೆಯರ ಅಭಿಪ್ರಾಯ. ನನ್ನನ್ನು ಹಿಡಿದು ನಿಲ್ಲಿಸಿದ್ದು ನೃತ್ಯವಲ್ಲ, ಒಡವೆಗಳು. ಒಂದು ದಿನ ಆ ತಾಯಿ ಒಳಗಿನಿಂದ ಒಂದು ಮರದ ಪೆಟ್ಟಿಗೆ ತಂದು ತೆರೆದರು. ಕೆಂಪು ಹರಳು ಕೂರಿಸಿದ ಹಳೆಯ ಒಡವೆಗಳು. ದೇವರಿಗೆ ತೊಡಿಸುವ ಒಡವೆಗಳ ಮಾದರಿಯವು, ಅವರ ಅಜ್ಜಿಯಿಂದ ಬಂದವು. ಬೈತಲೆಯ ಬಲಕ್ಕೆ ಸೂರ್ಯ, ಎಡಕ್ಕೆ ಚಂದ್ರ, ನಡುವೆ ಹಣೆಯ ಮೇಲೆ ಇಳಿಯುವ ಬೈತಲೆ ಬೊಟ್ಟು. ಹಿಂದೆ ತುರುಬಿಗೆ ರಾಗಟೆ, ಜಡೆಯುದ್ದಕ್ಕೂ ಬಿಲ್ಲೆಗಳು. ಕಿವಿಗೆ ಝುಮಕಿ, ಅದರ ಭಾರ ಕಿವಿಯ ಮೇಲೆ ಬೀಳದಂತೆ ಕೂದಲಿಗೆ ಸಿಕ್ಕಿಸುವ ಸರಪಳಿ. ಮೂಗಿನ ಕೆಳಗೆ ತೂಗುವ ಬುಲಾಕು. ತೋಳಿಗೆ ವಂಕಿ. ನಮ್ಮ ಮನೆಯ ಹೆಂಗಸರ ಮೈಮೇಲೂ ಇವುಗಳಲ್ಲಿ ಕೆಲವು ಇದ್ದವು. ಆದರೆ ಅವುಗಳಿಗೆ ಕೆಲಸ ಇದೆ ಎಂದು ನನಗೆ ಗೊತ್ತಿರಲಿಲ್ಲ.

"ತಲೆ ಅಲ್ಲಾಡಿಸಿದ್ದು ಕೊನೇ ಸಾಲಿನವನಿಗೂ ಕಾಣಬೇಕಲ್ಲಪ್ಪ, ಅದಕ್ಕೇ ಸೂರ್ಯ ಚಂದ್ರ" ಎಂದರು ಅವರು. "ಇನ್ನು ಡಾಬು. ಅದಿಲ್ಲದಿದ್ದರೆ ಅರೆಮಂಡಿ ಕೂತಾಗ ನಡು ಎಲ್ಲಿ, ಹೊಟ್ಟೆ ಎಲ್ಲಿ ಅಂತ ಯಾರಿಗೂ ತಿಳಿಯೋಲ್ಲ."

ನನ್ನ ವಿಷಯದಲ್ಲಿ ಆ ಗಡಿ ಗುರುತಿಸುವುದು ಬಹಳ ಅಗತ್ಯವಾಗಿತ್ತು. ಆದರೆ ಅವರ ಡಾಬು ಅವರ ನಡುವಿನ ಅಳತೆಯದು. ನನಗೆ ಸುತ್ತಿದರೆ ಎರಡು ತುದಿಗಳು ಮುನಿಸಿಕೊಂಡ ಅಣ್ಣತಮ್ಮಂದಿರ ಹಾಗೆ ದೂರವೇ ನಿಂತವು.

"ರಟ್ಟು ಕತ್ತರಿಸಿ ಬೇಗಡೆ ಅಂಟಿಸೋಣ ಬಿಡು. ದೂರದಿಂದ ಯಾರಿಗೆ ಗೊತ್ತಾಗತ್ತೆ?"

ಅಲ್ಲಿಗೆ ಮುಗಿಯಬೇಕಾಗಿತ್ತು. ನನ್ನ ಜೊತೆ ಆರಿಸಿದ್ದ ಉಳಿದ ಮೂವರು ಹುಡುಗರು ರಟ್ಟನ್ನೇ ಕಟ್ಟಿಕೊಂಡು ಕುಣಿದರು, ಅವರ ಅಕ್ಕಂದಿರು ಸುಖವಾಗಿ ಬಾಳಿದರು. ನನಗೆ ಮಾತ್ರ ತಲೆಯ ಮೇಲೆ ಸೂರ್ಯ ಚಂದ್ರರಿದ್ದು ನಡುವಿಗೆ ರಟ್ಟು ಎಂಬುದು ಸಹಿಸಲಾಗದ ಅವಮಾನವಾಗಿ ಕಂಡಿತು.

"ನಮ್ಮ ಮನ್ಯಾಗ ಖರೇ ಬೆಳ್ಳಿ ಡಾಬೈತ್ರಿ, ತರತೀನ್ರಿ" ಎಂದುಬಿಟ್ಟೆ.

ಪಂಚಮಿಗೆ ಅಕ್ಕ ತವರಿಗೆ ಬಂದಿದ್ದಳು, ಗಣೇಶನ ಹಬ್ಬ ಮುಗಿಯುವ ತನಕ ಇರುವವಳು. ನಾನು ಮಸ್ಕಿಗೆ ಹೋದಾಗ ಹಿತ್ತಿಲಲ್ಲಿ ಕೂತು ತಲೆ ಒಣಗಿಸಿಕೊಳ್ಳುತ್ತಿದ್ದಳು. ನನಗಿಂತ ಆರು ವರ್ಷ ದೊಡ್ಡವಳು. ಚಿಕ್ಕಂದಿನಲ್ಲಿ ನನ್ನನ್ನು ಬಗಲಲ್ಲಿ ಹೊತ್ತು ಹೊತ್ತೇ ತನ್ನ ನಡು ಒಂದು ಕಡೆ ವಾಲಿದೆ ಎಂದು ಹೇಳುತ್ತಿದ್ದಳು.

"ಅಕ್ಕಾ, ನಿನ್ನ ಡಾಬು ಕೊಡು. ಹಬ್ಬ ಮುಗಿದ ಕೂಡಲೇ ತಂದು ಕೊಡ್ತೀನಿ."

"ಡಾಬಾ? ಯಾಕೋ ನಿನಗ?"

"ಕುಣಿಯಾಕ."

ಅವಳು ಬಾಚಣಿಗೆ ಕೆಳಗಿಟ್ಟು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. "ನೀ ಕುಣಿದ್ರ ಸಾಲಿ ಗ್ವಾಡಿ ಉಳೀತಾವೇನಲೇ? ಅಪ್ಪಗ ಗೊತ್ತೈತೇನು?"

"ಇಲ್ಲ."

"ಅಪ್ಪಗ ಗೊತ್ತಾದ್ರ ನಿನ್ನ ಬೆನ್ನು ಹೋಗತೈತಿ. ನಮ್ಮತ್ತಿಗೆ ಗೊತ್ತಾದ್ರ ನನ್ನ ಸಂಸಾರ ಹೋಗತೈತಿ. ಕುಣಿಯೋರಿಗೆ ಮನಿ ಡಾಬು ಕೊಟ್ಟಾಳ ಅಂದ್ರ ಸುಮ್ಮ ಬಿಡ್ತಾಳೇನು? ಮೊದಲ ಜವಳಗೇರಾದಾಗ ಹುಡುಗಿ ನೋಡಿ ಇಟ್ಟಾರ."

ನಗುತ್ತಲೇ ಹೇಳಿದಳು, ಆದರೂ ಕೊನೆಯ ಮಾತಿಗೆ ನಗು ಸಾಲಲಿಲ್ಲ. ಮದುವೆಯಾಗಿ ವರ್ಷಗಳಾದರೂ ಅವಳಿಗೆ ಮಕ್ಕಳಾಗಿರಲಿಲ್ಲ. ಮಗನಿಗೆ ಇನ್ನೊಂದು ಮದುವೆ ಮಾಡುವ ಮಾತನ್ನು ಅವಳ ಅತ್ತೆ ಸಂಬಂಧಿಕರ ಮುಂದೆ ಆಡತೊಡಗಿದ್ದಳು. ಇದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ.

"ಬ್ಯಾಡಾದ್ರ ಬ್ಯಾಡ ಬಿಡು" ಎಂದೆ, ಮುಖ ಸಣ್ಣಗೆ ಮಾಡಿ. ಆ ಮುಖಕ್ಕೆ ಅಕ್ಕ ಯಾವತ್ತೂ ಸೋಲುತ್ತಾಳೆಂದು ನನಗೆ ಗೊತ್ತಿತ್ತು. ಅವಳು ಒಳಗೆ ಹೋಗಿ, ಹಳೆಯ ಕುಪ್ಪಸದ ಬಟ್ಟೆಯಲ್ಲಿ ಡಾಬು ಸುತ್ತಿ ತಂದು ಕೊಟ್ಟಳು.

ಅದೂ ನನ್ನ ನಡುವಿಗೆ ಸಾಲಲಿಲ್ಲ! ಬೆಳ್ಳಿಯ ಅಗಲ ಬಿಲ್ಲೆಗಳನ್ನು ಕೊಂಡಿಗಳಿಂದ ಒಂದಕ್ಕೊಂದು ಜೋಡಿಸಿ ಮಾಡಿದ ಡಾಬು, ಮುಂದೆ ತಿರುಪು. ಉಸಿರು ಎಳೆದುಕೊಂಡು ಹಾಕಿದರೂ ತಿರುಪು ಕೂರಲಿಲ್ಲ. ಲಿಂಗಸುಗೂರಿನ ಒಬ್ಬ ಪತ್ತಾರನ ಬಳಿ ಒಯ್ದೆ. ನನ್ನ ಬೆಳ್ಳಿಯ ಉಡದಾರವನ್ನೂ ಬಿಚ್ಚಿ ಅವನ ಮುಂದಿಟ್ಟು, ಇದನ್ನು ಕರಗಿಸಿ ಎರಡು ಬಿಲ್ಲೆ ಹೆಚ್ಚಿಗೆ ಹಾಕಿಕೊಡಿ ಎಂದೆ.

"ಯಾರ ನಡುವಿಗೆ ತಮ್ಮಾ?"

"ನಂದೇರೀ."

ಅವನು ಊದುಗೊಳವೆ ಬಾಯಿಂದ ತೆಗೆದು ನನ್ನ ನಡುವನ್ನೊಮ್ಮೆ, ಮುಖವನ್ನೊಮ್ಮೆ ನೋಡಿದ. "ಹಂಗಾದ್ರ ಮೂರು ಹಾಕ್ತೀನಿ" ಎಂದ. ಬಹಳ ಚೌಕಾಶಿಯ ಮೇಲೆ ಎರಡಕ್ಕೆ ಒಪ್ಪಿಸಿದೆ. ಚೌಕಾಶಿ ದುಡ್ಡಿನದಲ್ಲ, ಮಾನದ್ದು.

ಕಾರ್ಯಕ್ರಮದ ದಿನ ನನ್ನನ್ನು ಸಿಂಗರಿಸಲು ಮಧ್ಯಾಹ್ನವೇ ಕೂರಿಸಿದರು. ಉಣ್ಣೆಯ ಚೌರಿ ಕಟ್ಟಿ ಜಡೆ ಮಾಡಿದರು. ಚುಚ್ಚದ ಕಿವಿಗೆ ದಾರದಿಂದ ಝುಮಕಿ ತೂಗುಬಿಟ್ಟರು. ಬುಲಾಕನ್ನು ಒತ್ತಿ ಮೂಗಿಗೆ ಸಿಕ್ಕಿಸಿದರು. ಗಣಪತಿಯ ಮುಂದೆ ಊರೆಲ್ಲ ಕೂತಿತ್ತು. ಗೆಜ್ಜೆ ನುಡಿಯಿತು, ಸೂರ್ಯ ಚಂದ್ರರು ಮಿಂಚಿದರು, ನಾನು ಅರೆಮಂಡಿ ಕೂತು ಕಣ್ಣು ಎಡಕ್ಕೆ ಹೊರಳಿಸಿದೆ. ಆಗ ಬುಲಾಕು ಮೂಗಿನೊಳಗೆ ಕಚಗುಳಿಯಿಟ್ಟಿತು. ನಾನು ಸೀನಿದ ರಭಸಕ್ಕೆ ಅದು ಹಾರಿ ಮೊದಲ ಸಾಲಿನಲ್ಲಿದ್ದ ಹೆಡ್‌ಮಾಸ್ತರರ ರುಮಾಲಿನ ಮೇಲೆ ಕೂತಿತು. ಅಧಿಕಾರಿಯ ಹೆಂಡತಿ ತಾಳ ತಪ್ಪಿಸಲಿಲ್ಲ, ನಾನೂ ನಿಲ್ಲಿಸಲಿಲ್ಲ. ಅಷ್ಟು ದೊಡ್ಡ ಚಪ್ಪಾಳೆ ಲಿಂಗಸುಗೂರಿನಲ್ಲಿ ಬೇರೆ ಯಾರಿಗೂ ಬಿದ್ದಿರಲಾರದು.

ಮರುದಿನ ಪತ್ತಾರನ ಬಳಿ ಹೋಗಿ ಆ ಎರಡು ಬಿಲ್ಲೆ ತೆಗೆಸಬೇಕಾಗಿತ್ತು. ಹೋಗಲಿಲ್ಲ. ಯಾಕೆ ಎಂದು ಬರೆಯಲು ಈ ವಯಸ್ಸಿನಲ್ಲೂ ಕಿವಿ ಬಿಸಿಯಾಗುತ್ತದೆ. ಅಂಗಿಯ ಒಳಗೆ ಆ ಡಾಬು ಕಟ್ಟಿಕೊಂಡು ನಾನು ಕ್ಲಾಸಿಗೆ ಹೋಗುತ್ತಿದ್ದೆ. ಭೂಗೋಳದ ಮಾಸ್ತರರು ಭೂಮಿಯ ನಡುವಿನ ರೇಖೆಯ ವಿಷಯ ಹೇಳುತ್ತಿದ್ದರೆ, ಇಲ್ಲಿ ಒಂದು ನಡು ಬೆಳ್ಳಿಯದಾಗಿದೆ ಎಂದು ನನ್ನಷ್ಟಕ್ಕೆ ಬೀಗುತ್ತಿದ್ದೆ. ಹೀಗೆ ಇರುವಾಗಲೇ ಮಸ್ಕಿಯಿಂದ ಹೇಳಿಕಳಿಸಿದರು: ಅಕ್ಕ ನಾಳೆ ಗಂಡನ ಮನೆಗೆ ಹೊರಡುತ್ತಾಳೆ. ಮರುದಿನ ಬೆಳಗಾಗುತ್ತಲೇ ಬಸ್ಸು ಹತ್ತಿ ಓಡಿದೆ. ಅಂಗಳದಲ್ಲಿ ಗಾಡಿ ಕಟ್ಟಿತ್ತು. ಅಕ್ಕ ಗಂಟನ್ನು ಇಸಿದುಕೊಂಡು, ಬಿಚ್ಚಿ ನೋಡದೆ, ಸೀರೆಗಳ ಕೆಳಗೆ ತುರುಕಿದಳು. ಬಿಲ್ಲೆಯ ವಿಷಯ ನಾಲಿಗೆಯ ತುದಿಗೆ ಬಂದಿತ್ತು. ಅಪ್ಪ ಪಕ್ಕದಲ್ಲೇ ನಿಂತಿದ್ದ. ಎರಡು ಬಿಲ್ಲೆ ಯಾರು ಎಣಿಸುತ್ತಾರೆ ಎಂದು ಸುಮ್ಮನಾದೆ.

ಇಲ್ಲಿ ಒಂದು ಪದ್ಧತಿಯ ಮಾತು ಹೇಳಬೇಕು. ನಮ್ಮ ಕಡೆ ಸೊಸೆಯಾದವಳು ತಾನು ಬಸುರಿ ಎಂದು ಬಾಯಿಬಿಟ್ಟು ಅತ್ತೆಗೆ ಹೇಳುತ್ತಿರಲಿಲ್ಲ, ನಾಚಿಕೆ. ಅಕ್ಕನ ಅತ್ತೆಯ ಮನೆತನದಲ್ಲಿ ಅದನ್ನು ತಿಳಿಸಲು ಒಂದು ದಾರಿ ಇತ್ತು. ತವರಿಗೆ ಹೋದ ಸೊಸೆ ಬಸುರಿಯಾಗಿದ್ದರೆ, ತವರಿನವರು ಅವಳ ಡಾಬಿಗೆ ಬಿಲ್ಲೆ ಹೆಚ್ಚಿಸಿ ಕಳಿಸುವರು. ನಡು ಹಿಗ್ಗಲಿದೆ, ಜಾಗ ಬಿಟ್ಟಿದ್ದೇವೆ ಎಂದು ಅರ್ಥ. ಅತ್ತೆ ಬಿಲ್ಲೆ ನೋಡಿ ಸಕ್ಕರೆ ಹಂಚುವಳು. ಮಾತಿಲ್ಲ, ಕತೆಯಿಲ್ಲ. ಇದು ನನಗೆ ಗೊತ್ತಿರಲಿಲ್ಲ. ಡಾಬು ಕಟ್ಟುವ ಗಂಡಸಿಗೆ ಇಂಥದ್ದನ್ನು ಯಾರು ಹೇಳುತ್ತಾರೆ?

ಮಾನವಮಿಗೆ, ಅಂದರೆ ದಸರೆಗೆ, ಬನ್ನಿ ಕೊಡಲು ಹೊರಡುವಾಗ ಆ ಅತ್ತೆ ತನ್ನ ಕೈಯಾರೆ ಸೊಸೆಗೆ ಡಾಬು ಕಟ್ಟಲು ಬಂದಳಂತೆ. ಹಳೆಯ ಬೆಳ್ಳಿಯ ನಡುವೆ ಎರಡು ಹೊಸ ಬಿಲ್ಲೆ ಬೆಳ್ಳಗೆ ಹೊಳೆಯುತ್ತಿದ್ದವು. ಅಕ್ಕನ ತೆಳ್ಳನೆಯ ನಡುವಿನಿಂದ ಡಾಬು ಜಾರಿ ಸೊಂಟದ ಮೇಲೆ ನಿಂತಿತು. ಅತ್ತೆ ಎರಡೂ ಕೈಯಿಂದ ಸೊಸೆಯ ಮುಖ ಸವರಿ ನೆಟಿಗೆ ಮುರಿದಳು. ಮನೆ ತುಂಬ ಹೆಂಗಸರು. ಅಕ್ಕ ಬಾಯಿ ತೆರೆಯುವ ಮೊದಲೇ ಸಕ್ಕರೆಯ ತಟ್ಟೆ ಓಣಿ ದಾಟಿತ್ತು.

ಸಿಂಧನೂರಿನಿಂದ ಆಳು ಸಕ್ಕರೆ, ತೆಂಗಿನಕಾಯಿ ಹೊತ್ತು ಮಸ್ಕಿಗೆ ಬಂದಾಗ ನಾನು ರಜೆಗೆಂದು ಮನೆಯಲ್ಲಿದ್ದೆ.

"ಅಮ್ಮಾರ ಬಾಳ ಖುಷಿ ಆಗ್ಯಾರ್ರೀ" ಎಂದ ಆಳು. "ನೀವು ಡಾಬಿಗೆ ಬಿಲ್ಲಿ ಹಾಕ್ಸಿ ಕಳಿಸಿದ್ದು ನೋಡಿ ಕಣ್ಣಾಗ ನೀರು ತಂದ್ರು."

ಅವ್ವ ಅಪ್ಪನ ಮುಖ ನೋಡಿದಳು. ಬಿಲ್ಲೆ ಹಾಕಿಸಿದ್ದು ಗಂಡನೇ, ಹೆಣ್ಣುಮಕ್ಕಳ ವಿಷಯವೆಂದು ನಾಚಿಕೊಂಡು ತನಗೆ ಹೇಳಿಲ್ಲ ಎಂದುಕೊಂಡಳು. ಅಪ್ಪ ಅವ್ವನ ಮುಖ ನೋಡಿ, ಇವಳೇ ಗುಟ್ಟಾಗಿ ಮಾಡಿಸಿದ್ದಾಳೆ, ಜಾಣೆ ಎಂದುಕೊಂಡ. ಇಬ್ಬರೂ ಒಬ್ಬರನ್ನೊಬ್ಬರು ಕೇಳದೆ ಮೆಚ್ಚಿಕೊಂಡರು. ಅಂಥ ಪ್ರೀತಿಯನ್ನು ನಾನು ಆ ಮನೆಯಲ್ಲಿ ಮೊದಲು ಕಂಡಿರಲಿಲ್ಲ, ಅದನ್ನು ಕೆಡಿಸುವ ಮನಸ್ಸಾಗಲಿಲ್ಲ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಸುಳ್ಳು. ಬೆತ್ತ ಗೂಟಕ್ಕೆ ತೂಗುತ್ತಿತ್ತು, ನನ್ನ ಕಣ್ಣು ಅದರ ಮೇಲಿತ್ತು.

ಬಸುರಿ ಮಗಳಿಗೆ ಬಯಕೆಯ ಬುತ್ತಿ ಕಟ್ಟಿ ಅವ್ವ ನನ್ನ ಕೈಯಲ್ಲೇ ಸಿಂಧನೂರಿಗೆ ಕಳಿಸಿದಳು. ಬಸ್ಸಿನಲ್ಲಿ ಕೂತು ನಾನು ಹೇಳಬೇಕಾದ ಮಾತುಗಳನ್ನು ಜೋಡಿಸಿಕೊಂಡೆ. ಅಕ್ಕನ ಅತ್ತೆ ಬಾಗಿಲಿಗೇ ಬಂದು ಕಾಲಿಗೆ ನೀರು ಕೊಟ್ಟಳು. ಮೊದಲು ನನ್ನನ್ನು ಕಂಡರೆ "ಬಂತು ನೋಡು ರೊಟ್ಟಿಗೆ ದಂಡ" ಎನ್ನುತ್ತಿದ್ದ ಹೆಂಗಸು.

"ಬಾರಪಾ ಸ್ವಾದರಮಾವಾ! ಹುಟ್ಟೋ ಕೂಸಿಗೆ ಮೊದಲ ಉಡದಾರ ನೀನ ತರಬೇಕು" ಎಂದಳು. ನನ್ನ ಉಡದಾರ ಎಲ್ಲಿ ಹೋಗಿ ಸೇರಿದೆ ಎಂದು ನೆನೆದು ನಾನು ನಗಲು ಪ್ರಯತ್ನಿಸಿದೆ.

ಹಿತ್ತಿಲ ಬಚ್ಚಲಿಗೆ ಕೈ ತೊಳೆಯಲು ಹೋದಾಗ ಅಕ್ಕ ಚೆಂಬು ಹಿಡಿದು ಹಿಂದೆ ಬಂದಳು. ಕಣ್ಣ ಕೆಳಗೆ ಕಪ್ಪು.

"ಲೇ ತಮ್ಮಾ, ಬಿಲ್ಲಿ ಹಾಕಿಸಿದ್ದು ನನಗ್ಯಾಕ ಹೇಳಲಿಲ್ಲ?"

"ಮರೆತೆ ಅಕ್ಕಾ."

"ಹೋಗ್ಲಿ. ಇವತ್ತ ನೀ ಹೇಳು. ಅಷ್ಟು ಹೆಂಗಸರ ಮುಂದ ನನಗ ಬಾಯಿ ಬರಲಿಲ್ಲ. ಮರುದಿನ ಹೇಳೋಣಂದ್ರ ಅಕಿ ನನ್ನ ಕೈಯಾಗಿನ ಕೊಡಾ ಇಸಿಗೊಂಡ್ಲು, ಭಾರ ಎತ್ತಬ್ಯಾಡ ಅಂತ. ಈಗ ನಾ ಹೇಳಿದ್ರ, ಜವಳಗೇರಾ ಸಂಬಂಧ ಮುರಿಯಾಕ ಆಟ ಕಟ್ಟಿದ್ಲು ಅಂತಾರ. ನೀ ಹೇಳಿದ್ರ ನಕ್ಕು ಬಿಡ್ತಾರ. ನಿನ್ನ ನೋಡಿದ್ರ ಯಾರಿಗಾದ್ರೂ ನಗು ಬರತೈತಿ."

"ಉಂಡಮ್ಯಾಲ ಹೇಳ್ತೀನಿ" ಎಂದೆ.

ಉಂಡೆ. ಹೋಳಿಗೆ, ಅದರ ಮೇಲೆ ತುಪ್ಪ, ಮತ್ತೆ ಹೋಳಿಗೆ. ಅತ್ತೆ ಎದುರಿಗೆ ಕೂತು ಬೀಸಣಿಗೆ ಬೀಸಿದಳು. "ನಿನ್ನೆ ಜವಳಗೇರಾಕ್ಕ ಹೇಳಿಕಳಿಸೇನಿ, ನಿಮ್ಮ ಹುಡುಗಿನ್ನ ಬ್ಯಾರೆ ಕಡೆ ನೋಡಿಕೋರಿ ಅಂತ" ಎಂದಳು. "ನಮ್ಮ ಮನಿಗೆ ದೇವರು ಕಣ್ಣು ತೆರೆದಾನ." ಬಾಗಿಲ ಮರೆಯಲ್ಲಿ ಅಕ್ಕ ನಿಂತಿದ್ದಳು. ನನ್ನ ಬಾಯಲ್ಲಿ ಹೋಳಿಗೆ ಇತ್ತು. ಅದನ್ನು ನುಂಗಿದೆ. ಅತ್ತೆ ಇನ್ನೂ ಸ್ವಲ್ಪ ಬಡಿಸಿದಳು, ಅದನ್ನೂ ತಿಂದೆ. ಬಸ್ಸಿಗೆ ಹೊತ್ತಾಯಿತೆಂದು ಎದ್ದೆ. ಹೊಸ್ತಿಲು ದಾಟುವಾಗ ಅಕ್ಕ ಖಾಲಿ ಬುತ್ತಿಯ ಡಬ್ಬಿ ನನ್ನ ಕೈಗೆ ಕೊಟ್ಟು, ನನ್ನ ಮುಖವನ್ನೇ ನೋಡುತ್ತ ನಿಂತಳು. ನಾನು ಡಬ್ಬಿಯ ಮುಚ್ಚಳ ಸರಿಯಾಗಿದೆಯೇ ಎಂದು ನೋಡಿಕೊಳ್ಳುತ್ತ ಬಸ್ ನಿಲ್ದಾಣದವರೆಗೂ ನಡೆದೆ.

ದೀಪಾವಳಿಗೆ ಮುಂಚೆ ಸಿಂಧನೂರಿನಿಂದ ಮತ್ತೆ ಆಳು ಬಂದ. ಈ ಸಲ ಕೈಯಲ್ಲಿ ಏನೂ ಇರಲಿಲ್ಲ. "ನಿಮ್ಮ ಮಗಳನ್ನ ಕರಕೊಂಡು ಹೋಗಬೇಕಂತ್ರೀ" ಎಂದಷ್ಟೇ ಹೇಳಿದ. ತಿಂಗಳು ತಿಂಗಳು ಬರುವುದು ಬಂದಿತ್ತು, ಹೆಂಗಸರಿರುವ ಮನೆಯಲ್ಲಿ ಅದನ್ನು ಎಷ್ಟು ದಿನ ಮುಚ್ಚಿಡಲಾದೀತು? ಅಕ್ಕ ತಾನೇ ಹೋಗಿ ಅತ್ತೆಗೆ ಎಲ್ಲವನ್ನೂ ಹೇಳಿದ್ದಳು: ಬಸುರಿಲ್ಲ, ಡಾಬು ತಮ್ಮನಿಗೆ ಕೊಟ್ಟಿದ್ದೆ, ಬಿಲ್ಲೆ ಅವನು ಹಾಕಿಸಿದ್ದು. ಅತ್ತೆ ನಂಬಲಿಲ್ಲ.

ಅಪ್ಪ ರಜೆಗೆ ಬಂದಿದ್ದ ನನ್ನನ್ನೂ ಜೊತೆಗೆ ಹೊರಡಿಸಿದ. ಅವನಿಗೆ ಇನ್ನೂ ಏನೂ ಗೊತ್ತಿರಲಿಲ್ಲ.

ಪಡಸಾಲೆಯಲ್ಲಿ ಅತ್ತೆ ಕೂತಿದ್ದಳು. ಅಕ್ಕನ ಗಂಡ ಕಂಬಕ್ಕೆ ಒರಗಿ ನೆಲ ನೋಡುತ್ತಿದ್ದ. ಅಕ್ಕ ಅಡುಗೆಮನೆಯ ಬಾಗಿಲಲ್ಲಿ, ಪಕ್ಕದಲ್ಲಿ ಸೀರೆಯ ಗಂಟು. ಅತ್ತೆ ಡಾಬನ್ನು ಅಪ್ಪನ ಮುಂದೆ ಎಸೆದಳು.

"ನೋಡ್ರಿ ನಿಮ್ಮ ಮಗಳ ಹುನ್ನಾರ. ತಾನ ಬಿಲ್ಲಿ ಹಾಕಿಸಿಕೊಂಡು ಬಂದು ನನ್ನ ಕೈಲಿ ಊರಿಗೆಲ್ಲ ಸಕ್ಕರಿ ಹಂಚಿಸಿದ್ಲು. ಹುಡುಗಿ ಮನಿಯವರಿಗೆ ಬ್ಯಾಡ ಅಂತ ಹೇಳಿಸಿದ್ಲು. ಈಗ ಸಿಕ್ಕಿಬಿದ್ದು, ತಮ್ಮ ಕುಣಿಯಾಕ ಒಯ್ದಿದ್ದ ಅಂತಾಳ! ಯಾವ ಗಂಡಸ್ಮಗ ಡಾಬು ಕಟ್ಟಿ ಕುಣೀತಾನ್ರೀ?"

ಅಪ್ಪ ನನ್ನ ಕಡೆ ತಿರುಗಿದ.

"ನಾ ಕಟ್ಟೀನಿ" ಎಂದೆ.

"ಅಕ್ಕನ್ನ ಉಳಿಸಾಕ ಸುಳ್ಳು ಹೇಳಾಕತ್ತಾನ" ಎಂದಳು ಅತ್ತೆ. "ಖರೆ ಆಗಿದ್ರ ಮೊನ್ನೆ ಬಂದು ಹೋಳಿಗಿ ತಿಂದು ಹೋದಿಯಲ್ಲಪಾ, ಅವತ್ತ್ಯಾಕ ಹೇಳಲಿಲ್ಲ?"

ನಾನು ಡಾಬು ಎತ್ತಿಕೊಂಡೆ. ಅಂಗಿಯ ಮೇಲೆಯೇ ಸುತ್ತಿ ತಿರುಪು ಹಾಕಿದೆ. ಎಲ್ಲಿಯೂ ಸಡಿಲವಿಲ್ಲ, ಬಿಗಿಯಿಲ್ಲ, ನನಗಾಗಿಯೇ ಅಳೆದು ಮಾಡಿದಂತೆ ಕೂತಿತು. ಅತ್ತೆ ಕಣ್ಣು ಕಿರಿದು ಮಾಡಿ ನೋಡಿದಳು.

"ದಪ್ಪ ಇದ್ದವರಿಗೆಲ್ಲ ಕೂರತೈತಿ. ಕುಣಿದೀನಿ ಅಂತೀ ಅಲ್ಲ, ಕುಣಿ ನೋಡೂನು."

ಹಾಡಿಲ್ಲ, ತಾಳವಿಲ್ಲ, ತಲೆಯ ಮೇಲೆ ಸೂರ್ಯನಿಲ್ಲ, ಚಂದ್ರನಿಲ್ಲ. ಪಂಚೆ ಎತ್ತಿ ಕಟ್ಟಿ, ಮೊಣಕಾಲು ಅಗಲಿಸಿ ಅರೆಮಂಡಿ ಕೂತೆ. "ತೈಯ ತೈ, ತೈಯ ತೈ" ಎಂದು ನಾನೇ ಬಾಯಲ್ಲಿ ಹೇಳಿಕೊಳ್ಳುತ್ತ ಕಾಲು ಬಡಿದೆ. ಗಣಪತಿಯ ಸೊಂಡಿಲು ತೋರಿಸಿದೆ, ಮೊರದಂಥ ಕಿವಿ ತೋರಿಸಿದೆ, ಕಣ್ಣು ಎಡಕ್ಕೆ ಬಲಕ್ಕೆ ಹೊರಳಿಸಿದೆ. ಅಪ್ಪನ ಮುಖ ಎಡಕ್ಕಿತ್ತು, ಆದ್ದರಿಂದ ಆಮೇಲೆ ಬಲಕ್ಕೆ ಮಾತ್ರ ಹೊರಳಿಸಿದೆ. ತಿರುಗುವಾಗ ಕಾಲು ತಾಗಿ ನೀರಿನ ತಂಬಿಗೆ ಉರುಳಿತು, ಅದರ ನೀರಿನಲ್ಲೇ ಜಾರಿ ಕುಕ್ಕರುಬಡಿದೆ. ಎದ್ದು, ಬಿಟ್ಟಲ್ಲಿಂದ ಮತ್ತೆ ಶುರುಮಾಡಿದೆ.

ಮೊದಲು ನಕ್ಕದ್ದು ಅತ್ತೆಯೇ. ತಡೆದುಕೊಳ್ಳಲು ನೋಡಿದಳು, ಆಗಲಿಲ್ಲ. ಸೆರಗು ಬಾಯಿಗೆ ತುಂಬಿಕೊಂಡು, ಪಕ್ಕೆ ಹಿಡಿದುಕೊಂಡು ನಕ್ಕಳು. "ಸಾಕೋ ಯಪ್ಪಾ, ಸಾಕು, ಇಷ್ಟು ಚೊಲೊ ಸುಳ್ಳು ಯಾರಿಗೂ ಹೇಳಾಕ ಬರೂದಿಲ್ಲ" ಎಂದಳು. ಕಣ್ಣಿಂದ ನೀರು ಬಂತು. ನಗು ನಿಂತ ಮೇಲೆಯೂ ನೀರು ನಿಲ್ಲಲಿಲ್ಲ. "ನಾ ತೊಟ್ಟಿಲು ತೊಳೆಸಿ ಇಟ್ಟಿದ್ನಲ್ಲೋ" ಎಂದು ಅತ್ತಳು. ಆಗ ಪಡಸಾಲೆಯಲ್ಲಿ ಡಾಬು ಕಟ್ಟಿಕೊಂಡು ಒದ್ದೆಯಾಗಿ ನಿಂತಿದ್ದ ನನಗೆ ಅದನ್ನು ಬಿಚ್ಚುವುದು ಹೇಗೆ ಎಂಬುದೇ ಮರೆತುಹೋಯಿತು. ಅಕ್ಕ ಬಂದು ತಿರುಪು ತೆಗೆದಳು.

ಅಕ್ಕನನ್ನು ಮಸ್ಕಿಗೆ ಕಳಿಸಲಿಲ್ಲ. ಸುಳ್ಳಿ ಎಂಬ ಮಾತನ್ನು ಅತ್ತೆ ಹಿಂದಕ್ಕೆ ತೆಗೆದುಕೊಂಡಳು, ಸೀರೆಯ ಗಂಟನ್ನು ತಾನೇ ಎತ್ತಿ ಒಳಗೆ ಒಯ್ದಳು. ಅಪ್ಪ ನನ್ನನ್ನು ಹೊಡೆಯಲಿಲ್ಲ. ಬಸ್ಸಿನಲ್ಲಿ ನನ್ನ ಪಕ್ಕದ ಜಾಗ ಖಾಲಿ ಇದ್ದರೂ ಮುಂದೆ ಹೋಗಿ ಕೂತ.

ಆದರೆ ಬೇಸಿಗೆಯಲ್ಲಿ ಜವಳಗೇರಾದ ಹುಡುಗಿ ಆ ಮನೆಗೆ ಎರಡನೆಯ ಸೊಸೆಯಾಗಿ ಬಂದಳು. ಕೈಗೆ ಬಂದ ಮೊಮ್ಮಗು ತಪ್ಪಿಹೋಯಿತು ಎಂಬ ಸಂಕಟ ಅತ್ತೆಯನ್ನು ಇನ್ನಷ್ಟು ಅವಸರ ಮಾಡಿತು ಎಂದು ಜನ ಆಡಿಕೊಂಡರು. ಬಿಲ್ಲೆ ಇರಲಿ ಬಿಡಲಿ, ಅದು ಆಗುವುದೇ ಇತ್ತು ಎಂದು ಅವ್ವ ಹೇಳುತ್ತಿದ್ದಳು. ನಾನು ಅವ್ವನ ಮಾತನ್ನೇ ಗಟ್ಟಿಯಾಗಿ ಹಿಡಿದುಕೊಂಡು ಮೆಟ್ರಿಕ್ ಮುಗಿಸಿದೆ, ನೌಕರಿ ಹಿಡಿದೆ, ಮದುವೆಯಾದೆ. ಹೊಸಬಳಿಗೆ ಮಕ್ಕಳಾದವು, ಅವು ಅಕ್ಕನನ್ನು ದೊಡ್ಡವ್ವ ಎಂದು ಕರೆದವು, ಅವಳೇ ಅವುಗಳನ್ನು ಎತ್ತಿ ಬೆಳೆಸಿದಳು.

ಬಹಳ ವರ್ಷಗಳ ಮೇಲೆ, ನಮ್ಮಿಬ್ಬರ ತಲೆಯೂ ಬೆಳ್ಳಗಾದ ಮೇಲೆ, ಸಿಂಧನೂರಿನಲ್ಲಿ ಅವಳ ಪಕ್ಕ ಕೂತು ಅವ್ವನ ಆ ಮಾತನ್ನು ಅವಳ ಬಾಯಿಂದಲೂ ಕೇಳಬೇಕೆಂದು ಆಸೆಯಾಯಿತು. ಅವಳು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು.

"ಅಕ್ಕಾ, ಅವತ್ತ ಮೊದಲನೇ ಸಲ ಬಂದಾಗ ನಾ ಹೇಳಿಬಿಟ್ಟಿದ್ರ, ಎರಡನೇ ಲಗ್ನ ತಪ್ಪತಿತ್ತೇನು?"

"ಇಲ್ಲ. ಅದು ಆಗೂದ ಇತ್ತು."

ನನಗೆ ಹಗುರಾಯಿತು. ನಗುತ್ತ ಏನೋ ಹೇಳಲು ಹೊರಟೆ. ಅವಳು ಜೋಳದಿಂದ ಕಣ್ಣು ಎತ್ತಲಿಲ್ಲ.

"ಆದ್ರ ಅಷ್ಟು ದಿವಸ ಆ ಸುಳ್ಳನ್ನ ನಾ ಒಬ್ಬಾಕಿನ ಹೊತ್ತೆ, ತಮ್ಮಾ. ನೀ ಉಂಡು ಹೋದಿ" ಎಂದಳು.

ಒಂದು ಹರಳು ಆರಿಸಿ ಅಂಗಳಕ್ಕೆ ಎಸೆದಳು. ಆಮೇಲೆ ಚಹಾ ಮಾಡಲೇನು ಎಂದು ಕೇಳಿದಳು. ಬೇಡ ಎಂದೆ.